ಗಿಟಾರಿನ ಬೆನ್ನ ಮೇಲಿನ ಸಹಿ

ನನಗೆ ಸಂಗೀತ ಬರುವುದಿಲ್ಲ. ಬರುವವನ ಹಾಗೆ ಕಾಣಿಸಬೇಕೆಂಬ ಆಸೆ ಮಾತ್ರ ಮೊದಲಿನಿಂದಲೂ ಇದೆ. ಅದಕ್ಕೇ ಹುಮನಾಬಾದಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡ ಬಾಸ್ ಗಿಟಾರನ್ನು ಬಸವಕಲ್ಯಾಣಕ್ಕೆ ಹೊತ್ತು ತಂದು ಗೋಡೆಗೆ ತೂಗುಹಾಕಿದೆ. ಅದರ ಬೆನ್ನಿಗೆ, ಕುತ್ತಿಗೆಯನ್ನು ಒಡಲಿಗೆ ಬಿಗಿದ ತಗಡಿನ ಮೇಲೆ, ಒಂದು ಸಹಿ ಕೊರೆದಿತ್ತು. ಯಾವ ಅಕ್ಷರವೆಂದೂ ಗೊತ್ತಾಗದಂತಿದ್ದುದರಿಂದ ಅದು ದೊಡ್ಡವರದೇ ಎಂದು ತೀರ್ಮಾನಿಸಿದೆ. ಚಹಕ್ಕೆ ಬಂದವರಿಗೆಲ್ಲ ತಿರುಗಿಸಿ ತೋರಿಸಿ, ಪರದೇಶದ ಕಲಾವಿದನದು ಎನ್ನುತ್ತಿದ್ದೆ.

ಹೆಂಡತಿ ನಂಬಲಿಲ್ಲ. "ಪರದೇಶದಾಂವ ಭಾಂಡಿ ಮ್ಯಾಲ ಕೊರಸ್ದಂಗ ಕೊರಸ್ತಾನೇನ್ರಿ? ಯಾರೋ ಆಹೇರಿ ಮಾಡಿದ್ದದ ಇದು."

ನಮ್ಮ ಕಡೆ ಮದುವೆಯಲ್ಲಿ ಆಹೇರಿಯೆಂದು ಉಡುಗೊರೆ ಕೊಡುವ ಕೊಡ, ತಂಬಿಗೆಯಂಥ ಭಾಂಡಿಗಳ ಮೇಲೆ ಕೊಟ್ಟವರ ಹೆಸರಿರುತ್ತದೆ, ಪಡೆದವರದ್ದಲ್ಲ. ನೀರು ಕುಡಿಯುವವರು ನಾವು, ಹೆಸರು ಸೋದರಮಾವನದು. ಹಟ ಹುಟ್ಟಿ ಗಿಟಾರಿನ ವಂಶಾವಳಿ ಹುಡುಕತೊಡಗಿದೆ. ಒಡಲು ಯಾವುದೋ ಹಳೆ ಬಾಗಿಲಿನ ತೇಗ, ಗುಂಡಿಗಳು ರೇಡಿಯೋದವು, ಬಿರಡೆಗಳು ಎರಡು ಬಣ್ಣದವು. ನನ್ನ ಪೂರ್ವಜರನ್ನು ಬಿಚ್ಚಿ ನೋಡಿದರೂ ಇದಕ್ಕಿಂತ ಶುದ್ಧವಾಗಿ ಸಿಗಲಿಕ್ಕಿಲ್ಲ. ಮುಚ್ಚಿಹೋದ ಒಂದು ಆರ್ಕೆಸ್ಟ್ರಾದ ಸಾಮಾನು ಇದು, ಬಾರಿಸುತ್ತಿದ್ದವನು ಈಗ ಹುಮನಾಬಾದಿನಲ್ಲೇ ಮೈಕ್‌ಸೆಟ್ ಅಂಗಡಿ ಇಟ್ಟಿದ್ದಾನೆ ಎಂದು ಮಾರಿದವರು ಹೇಳಿದರು.

ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಹೋದೆ. ಅವನು ತಂತಿಗಳ ಕಡೆ ನೋಡಲೇ ಇಲ್ಲ. ನೇರ ಬೆನ್ನು ತಿರುಗಿಸಿ ಸಹಿಯ ಮೇಲೆ ಹೆಬ್ಬೆರಳಿಟ್ಟ.

"ನಮ್ಮಕ್ಕಂದ್ರಿ ಇದು. ಆಕಿ ಸಾಲಿ ಕಲ್ತಾಕಿ ಅಲ್ಲ, ಸಹಿ ಒಂದ ಬರ್ತಿತ್ತು. ಗಿಟಾರ್ ಕೊಡ್ಸಿ, ಭಾಂಡಿ ಅಂಗಡ್ಯಾಗ ಕೊರಸ್ಕೊಂಡ್ ಬಂದಿದ್ಲು. ಈಗ ಆಕಿ ಇಲ್ರಿ."

ಆರ್ಕೆಸ್ಟ್ರಾ ಮುಚ್ಚಿದಾಗ ಮಾಲೀಕರು ಉಳಿದದ್ದರ ಜೊತೆ, ಅವನು ಅಲ್ಲೇ ಇಡುತ್ತಿದ್ದ ಇದನ್ನೂ ಮಾರಿಬಿಟ್ಟಿದ್ದರಂತೆ. ಒಂದೊಂದೇ ಭಾಗ ಕೆಟ್ಟು ಬದಲಾದಾಗಲೂ ಈ ತಗಡನ್ನು ಮಾತ್ರ ಅವನು ಬದಲಿಸಿರಲಿಲ್ಲ.

ನನಗೆ ನಾಚಿಕೆಯಾಯಿತು, ಗಿಟಾರು ಬಿಡುವ ಮನಸ್ಸೂ ಆಗಲಿಲ್ಲ. ತಗಡನ್ನಷ್ಟೇ ಬಿಚ್ಚಿ ಕೊಡುತ್ತೇನೆ ಎಂದು ಬಹಳ ಉದಾರವಾಗಿ ಹೇಳಿದೆ.

"ಬ್ಯಾಡ್ರಿ ಸರ್. ಅದನ್ನ ತಗದ್ರ ಕುತ್ತಿಗಿ ನಿಲ್ಲಂಗಿಲ್ಲ. ನೀವ ಬಾರ್ಸ್ರಿ, ಅಕ್ಕನ ಹೆಸರ್ ಉಳೀತದ," ಎಂದವನು ಸ್ಪೀಕರಿಗೆ ವೈರು ಜೋಡಿಸಿ ಗಿಟಾರನ್ನು ನನ್ನ ಕೈಗೇ ಕೊಟ್ಟ.

ಯಾವ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದು, ಕೊನೆಗೆ ಗಿಟಾರನ್ನು ಅವನ ತೊಡೆಯ ಮೇಲಿಟ್ಟೆ. ಅವನು ದಪ್ಪ ತಂತಿಯೊಂದನ್ನು ಮೀಟಿದ. ಅಂಗಡಿಯ ಶೆಟರ್ ನಡುಗಿತು, ನನ್ನ ಎದೆಯೂ. ಇಷ್ಟು ದಿನ ಮನೆಯಲ್ಲಿದ್ದ ವಸ್ತುವಿಗೆ ಇಂಥ ದನಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.