ಆಯಿಯ ಒಳಕೋಣೆಯಲ್ಲಿ ಬೆಳೆದ ಹರಳು

ಕೊಲ್ಹಾಪುರದಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೇರಿದಾಗ ನನ್ನ ಸರ್ ಕೊಟ್ಟ ಕೆಲಸ ಕೇಳಲು ಸರಳವಾಗಿತ್ತು. ಒಂದು ಹರಳನ್ನು ತಣ್ಣಗೆ ಮಾಡುತ್ತ ಹೋಗಬೇಕು, ಅದರೊಳಗಿನ ಪರಮಾಣುಗಳ ಕಂಪನ ಹೇಗೆ ಬದಲಾಗುತ್ತದೆಂದು ಲೇಸರ್ ಬೆಳಕಿನಲ್ಲಿ ನೋಡಬೇಕು. ಹರಳು ಎಷ್ಟೇ ಗಟ್ಟಿಯಾಗಿ ಕಂಡರೂ ಅದರ ಪರಮಾಣುಗಳು ಸುಮ್ಮನಿರುವುದಿಲ್ಲ. ತಮ್ಮ ತಮ್ಮ ಜಾಗದಲ್ಲೇ ಒಟ್ಟಾಗಿ ಅಲುಗುತ್ತಿರುತ್ತವೆ. ಕೆಲವು ಹರಳುಗಳಲ್ಲಿ ತಂಪು ಹೆಚ್ಚಿದಂತೆ ಒಂದು ಬಗೆಯ ಅಲುಗಾಟ ಮಾತ್ರ ನಿಧಾನವಾಗುತ್ತ ಬರುತ್ತದೆ. ಪಕ್ಕಕ್ಕೆ ಸರಿದ ಪರಮಾಣುಗಳನ್ನು ಹಿಂದಕ್ಕೆಳೆಯುವ ಬಲ ಕುಗ್ಗುತ್ತದೆ. ಕೊನೆಗೆ ಅವು ಸರಿದಲ್ಲೇ ಉಳಿದುಬಿಡುತ್ತವೆ, ಇಡೀ ಹರಳಿನ ರಚನೆಯೇ ಬೇರೆಯಾಗುತ್ತದೆ.

ಇದಕ್ಕೆಲ್ಲ ಮೊದಲು ಗಾಜಿನಂತೆ ತಿಳಿಯಾದ ಒಂದು ಹರಳು ಬೇಕಿತ್ತು. ನಾವು ಆರಿಸಿದ್ದು ನೀರಿನಲ್ಲಿ ಕರಗುವ ಒಂದು ಫಾಸ್ಫೇಟ್ ಲವಣ. ಅದನ್ನು ಒಂದು ಜಾಡಿಯ ನೀರಿನಲ್ಲಿ ಕರಗಿಸಿ, ಚಿಕ್ಕದೊಂದು ಬೀಜದ ಹರಳನ್ನು ಇಳಿಬಿಟ್ಟು, ನೀರು ನಿಧಾನಕ್ಕೆ ಆರಲು ಬಿಟ್ಟರೆ ಬೀಜ ಬೆಳೆಯುತ್ತದೆ. ಹರಳು ಬೆಳೆಸಲು ಲ್ಯಾಬಿನಲ್ಲಿದ್ದ ಒಂದೇ ಉಪಕರಣಕ್ಕೆ ಸೀನಿಯರ್‌ಗಳ ಸರದಿ ಇದ್ದುದರಿಂದ ನಾನು ಜಾಡಿಯನ್ನು ಇಚಲಕರಂಜಿಯ ನಮ್ಮ ಮನೆಗೆ ತಂದೆ. ಗೋಡೆಯ ಆಚೆಗೇ ಅಪ್ಪನ ಪವರ್‌ಲೂಮ್ ಶೆಡ್ಡು. ಮಗ್ಗ ನಡೆಯುವಾಗ ನಮ್ಮ ಅಡುಗೆಮನೆಯ ತಾಟುಗಳೂ ಗಲಗಲ ಎನ್ನುತ್ತವೆ. ಹುಟ್ಟಿದಾಗಿನಿಂದ ಕೇಳಿದ ನನಗೆ ಅದು ಸದ್ದೆಂದು ಅನ್ನಿಸುತ್ತಲೇ ಇರಲಿಲ್ಲ. ಜಾಡಿಗೆ ಅನ್ನಿಸಿತು. ಒಂದು ದೊಡ್ಡ ಹರಳಿನ ಬದಲು ತಳದ ತುಂಬ ರವೆಯಂಥ ಪುಡಿ ಕೂತಿತ್ತು.

ಅಪ್ಪ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದ. "ಶೆಡ್ ಬಂದ್ ಇಡಾಕ ಆಗೂದಿಲ್ಲವ್ವಾ. ಗಡಹಿಂಗ್ಲಜಕ್ಕ ಒಯ್ಯಿ. ನಿಮ್ಮ ಆಯಿ ಒಳಕೋಣಿ ಬ್ಯಾಸಗ್ಯಾಗೂ ತಣ್ಣಗಿರ್ತೈತಿ."

ತಾಯಿಯ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಗಡಹಿಂಗ್ಲಜದಲ್ಲಿ ನನ್ನ ಸೋದರಮಾವನ ಸಂಸಾರದೊಂದಿಗೆ ಇದ್ದ ಆಯಿ, ಮನೆಯ ಮುಂದಿನ ಕಿರಾಣಿ ಅಂಗಡಿಯಲ್ಲಿ ಈಗಲೂ ತಾನೇ ಕೂರುತ್ತಿದ್ದಳು. ಪುಡಿಯನ್ನು ಮತ್ತೆ ಕರಗಿಸಿ, ಹೊಸ ಬೀಜ ಇಳಿಬಿಟ್ಟು, ಜಾಡಿಯನ್ನು ಮಣ್ಣಿನ ಗೋಡೆಯ ಒಳಕೋಣೆಯಲ್ಲಿಟ್ಟಾಗ ಕೇಳಿದಳು:

"ಇದಕ್ಕ ಏನರ ತಿನ್ನಸಬೇಕೇನು?"

"ಏನೂ ಬ್ಯಾಡ ಆಯಿ. ಯಾರೂ ಅಲುಗಿಸಬಾರದು, ಅಷ್ಟ."

"ಅಷ್ಟ ಆದ್ರ ಬಿಡು, ನಾ ನೋಡ್ಕೋತೀನಿ."

ಆಕೆ ನೋಡಿಕೊಂಡ ರೀತಿ ಮನೆಯವರಿಗೆಲ್ಲ ಕಷ್ಟವಾಯಿತು. ಮಾವ ಬೆಲ್ಲದ ಪೆಂಟಿಗಳನ್ನು ಒಳಕೋಣೆಯಲ್ಲಿಡಲು ಹೋದರೆ ಬಾಗಿಲಲ್ಲೇ ತಡೆದಳು. ಆ ಸಲ ಬೆಲ್ಲವೆಲ್ಲ ಪಡಸಾಲೆಯಲ್ಲಿ, ಮಾವನ ಮಂಚದ ಕೆಳಗೆ ಉಳಿಯಿತು. ನನಗೆ ಫೋನಿನಲ್ಲಿ ವರದಿ ಬರುತ್ತಿತ್ತು: "ಮೂಲಿ ಚೂಪ ಆಗಾಕತ್ತಾವ. ಭಾಳ ಛಂದ ಕಾಣತೈತಿ."

ಬೆಳೆದ ಹರಳನ್ನು ಆಯಿ ಹತ್ತಿಯಲ್ಲಿ ಸುತ್ತಿ ಕೊಟ್ಟಳು. ಕೊಲ್ಹಾಪುರದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ. ಇಂಥ ಹರಳನ್ನು ಒದ್ದೆ ದಾರದಿಂದ ಉಜ್ಜಿ ಕತ್ತರಿಸುತ್ತಾರೆ. ದಾರ ಅಪ್ಪನ ಶೆಡ್ಡಿನದು. "ಆಯೀನೇ ವಾಢವಲಾ," ಎಂದು ನಾನು ಮರಾಠಿಯಲ್ಲಿ ಹೇಳಿದ್ದರಿಂದ ಸರ್ ನನ್ನ ತಾಯಿಯೇ ಅದನ್ನು ಬೆಳೆಸಿದ್ದೆಂದು ತಿಳಿದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಾನೂ ತಿದ್ದಲಿಲ್ಲ.

ದ್ರವ ನೈಟ್ರೋಜನ್‌ನಿಂದ ಹರಳನ್ನು ತಣಿಸುತ್ತ ಹೋದೆವು. ಪರದೆಯ ಮೇಲೆ ಆ ಒಂದು ಕಂಪನದ ಉಬ್ಬು ಲೇಸರ್ ಗೆರೆಯ ಕಡೆಗೆ ಒತ್ತರಿಸಿಕೊಳ್ಳುತ್ತ ಬಂತು. ಅಂದರೆ ಅದು ನಿಧಾನವಾಗುತ್ತಿತ್ತು. ಪುಸ್ತಕದಲ್ಲಿ ಓದಿದ್ದು ನಮ್ಮ ಹರಳಿನಲ್ಲೇ ಕಾಣುತ್ತಿತ್ತು. ಇನ್ನಷ್ಟು ತಣಿಸಿದಾಗ ರಚನೆ ಬದಲಾಯಿತು. ಹರಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ದಿಕ್ಕಿಗೆ ವಾಲಿ, ಆ ಎಳೆತಕ್ಕೆ ಅದು ಅಡ್ಡಡ್ಡ ಬಿರಿಯಿತು.

ಕಾರಿಡಾರಿಗೆ ಬಂದು ಆಯಿಗೆ ಫೋನ್ ಮಾಡಿದೆ. ಅಳು ತಡೆಯಲಾಗಲಿಲ್ಲ.

ಆಯಿ ಕೇಳಿದಳು, "ಒಡಿಯೂ ಮುಂದ ನಿನಗ ನೋಡೂದು ಇತ್ತಲ್ಲ, ಅದು ಕಾಣತೋ ಇಲ್ಲೋ?"

"ಕಾಣತು."

"ಮತ್ಯಾಕ ಅಳಾಕತ್ತಿ? ಜಾಡಿ ತಗೊಂಡು ಬಾ."

ಎರಡನೆಯ ಹರಳಿಗೂ ಒಳಕೋಣೆ ಸಿಕ್ಕಿತು. ಅದನ್ನು ತಣಿಸುವ ದಿನ ಆಯಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಸರ್ ಎದ್ದು ಕುರ್ಚಿ ಕೊಟ್ಟರು. ಈ ಸಲ ಇನ್ನೂ ನಿಧಾನಕ್ಕೆ ತಣಿಸಿದ್ದರಿಂದ ಹರಳು ಉಳಿಯಿತು. ಪರಮಾಣುಗಳು ಸರಿದಲ್ಲೇ ಉಳಿದವೆಂದು ನಾನು ವಿವರಿಸಿದಾಗ, ಪರದೆಯ ಗೆರೆಗಳನ್ನು ನೋಡುತ್ತ ಆಯಿ ಕೇಳಿದಳು:

"ಅಲ್ಲೇ ಉಳಿದೂವು ಅಂತೀಯಲ್ಲ, ಅಂದ್ರ ಅವು ಸತ್ತಂಗೇನು?"

"ಇಲ್ಲ ಆಯಿ. ಹೊಸ ಜಾಗಾದಾಗ ಕುಂತು ಮತ್ತ ಅಲುಗತಾವ. ಇನ್ನೂ ತಣ್ಣಗ ಮಾಡಿದ್ರ ಅಲ್ಲೇ ಜೋರ ಆಕ್ಕಾವ."

ಆಕೆಗೆ ಸಮಾಧಾನವಾಯಿತು. ಸೆರಗು ಸರಿಮಾಡಿಕೊಂಡು ಸರ್ ಕಡೆ ತಿರುಗಿ ತನ್ನ ಅಂಗಡಿಯ ಮರಾಠಿಯಲ್ಲಿ ಊಟವಾಯಿತೇ ಎಂದು ವಿಚಾರಿಸಿದಳು. ಅವರು ಆಗಿಲ್ಲವೆಂದರು. ಬಸ್ ಸ್ಟ್ಯಾಂಡಿನವರೆಗೂ ಆಯಿ ಹರಳಿನ ವಿಷಯ ಎತ್ತಲೇ ಇಲ್ಲ.

"ನಿಮ್ಮ ಸರ್ ಭಾಳ ಸೊರಗ್ಯಾರ," ಎಂದಳು. ಮುಂದಿನ ವಾರ ಗಡಹಿಂಗ್ಲಜದ ಬಸ್ಸಿನಲ್ಲಿ ಸರ್ ಹೆಸರಿಗೆ ಶೇಂಗಾ ಉಂಡಿಯ ಡಬ್ಬಿ ಬಂತು.