ಪಕ್ಕದ ಊರಿನ ಶಾಲೆಯೇ ಚೆಂದ

“ಅತ್ತಿಗೆ, ನಿಮ್ಮೂರಿನ ಆ ಶಾಲೇಲಿ ಗ್ರೌಂಡ್ ಸಪಾಟಾಗಿದ್ಯಾ?”

ನಾನಿನ್ನೂ ಬೆಳಗಿನ ಕಾಫಿ ಮುಗಿಸಿರಲಿಲ್ಲ. ಫೋನಿನಲ್ಲಿ ಹೀಗೆ ಕೇಳಿದವಳು ನನ್ನ ತಮ್ಮ ಸುರೇಶನ ಹೆಂಡತಿ ವಿದ್ಯಾ. ಅವರ ಮನೆ ಇರುವುದು ಶೃಂಗೇರಿ ಹತ್ತಿರದ ಅಡ್ಡಗದ್ದೆಯಲ್ಲಿ, ನನ್ನದು ಕೊಪ್ಪದಲ್ಲಿ.

ಸಪಾಟಾದ ಗ್ರೌಂಡು! ಕೊಪ್ಪದಲ್ಲಿ ಇಷ್ಟು ವರ್ಷ ಇದ್ದು ಸಪಾಟಾಗಿರುವುದು ಅಂತ ನಾನು ನೋಡಿದ್ದು ಕೇರಂ ಬೋರ್ಡು ಮಾತ್ರ. ಇಲ್ಲಿ ಸಿಕ್ಸರ್ ಹೊಡೆದವನೇ ಕೆಳಗಿನ ಹಳ್ಳಕ್ಕಿಳಿದು ಬಾಲ್ ತರಬೇಕು. ಹಾಗಾಗಿ ನಮ್ಮ ಹುಡುಗರು ಬುದ್ಧಿವಂತರು, ಒಂದೊಂದೇ ರನ್ ತೆಗೆಯುತ್ತಾರೆ.

“ಅಷ್ಟೇನೂ ಸಪಾಟಿಲ್ಲ. ಯಾಕೆ ಮಾರಾಯ್ತಿ?” ಅಂದೆ.

“ಅಲ್ಲ, ಕೂಸು ಓಡೋವಾಗ ಬಿದ್ರೆ?”

ಕೂಸು ಅಂದರೆ ಅನ್ವಿ. ಒಂದನೇ ಕ್ಲಾಸು ಮುಗಿಸಿದ್ದಾಳೆ. ಅವಳನ್ನು ಶೃಂಗೇರಿಯ ಶಾಲೆಯಿಂದ ಬಿಡಿಸಿ ಕೊಪ್ಪದ ಶಾಲೆಗೆ ಸೇರಿಸುವುದೆಂದು ಗಂಡ ಹೆಂಡತಿ ತೀರ್ಮಾನಿಸಿಬಿಟ್ಟಿದ್ದರು. ಶನಿವಾರ ಶಾಲೆ ನೋಡಲು ಬರುತ್ತಾರಂತೆ, ನಾನೂ ಜೊತೆಗೆ ಹೋಗಬೇಕಂತೆ. “ನೀವು ಪೇಪರಲ್ಲಿ ಬರೀತೀರಲ್ಲ, ನಿಮ್ಮ ಮಾತು ಕೇಳ್ತಾರೆ,” ಅಂತ ಬೆಣ್ಣೆ ಬೇರೆ. (ಈ ಅಂಕಣವನ್ನು ನಮ್ಮ ಪಕ್ಕದ ಮನೆಯವರೂ ಓದುವುದಿಲ್ಲ ಎಂಬ ಗುಟ್ಟು ನನ್ನ ತಮ್ಮನ ಮನೆಗೆ ಇನ್ನೂ ತಲುಪಿಲ್ಲ. ನೀವೂ ಹೇಳಬೇಡಿ.)

ಶನಿವಾರ ಕಾರು ಬಂದು ನಿಂತಿತು. ಅನ್ವಿ ಇಳಿದವಳೇ ನಮ್ಮ ಗೇಟಿನ ಪಕ್ಕ ಕೂತು ವಾಂತಿ ಮಾಡಿಕೊಂಡಳು. “ತಿರುವು ಅತ್ತೆ,” ಅಂದಳು, ತಾನೇ ಏನೋ ತಪ್ಪು ಮಾಡಿದವಳ ಹಾಗೆ. ಪಾಪ, ಮುಖ ಬಾಡಿಹೋಗಿತ್ತು. ಸುರೇಶ ನೀರಿನ ಬಾಟಲಿ ಹಿಡಿದು ನಿಂತಿದ್ದ. “ಹರಿಹರಪುರ ಬರೋದ್ರೊಳಗೇ ಶುರುವಾಯ್ತು ಅಕ್ಕ.”

ವಿದ್ಯಾ ಮಗಳ ಬಾಯಿ ಒರೆಸಿ, “ಅಭ್ಯಾಸ ಆಗ್ತದೆ,” ಅಂದಳು.

ಶಾಲೆಯಲ್ಲಿ ಹೆಡ್‌ಮಿಸ್ ಸಮಾಧಾನದ ಹೆಂಗಸು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ನಮ್ಮ ವಿದ್ಯಾ ಶುರು ಮಾಡಿದಳು.

ಮಗು ಇಂಗ್ಲಿಷಿನಲ್ಲಿ ಫಟಫಟ ಮಾತಾಡಬೇಕು. ಆದರೆ ಮನೆಯಲ್ಲಿ ಅಜ್ಜಿಯ ಹತ್ತಿರ ಅಚ್ಚ ಕನ್ನಡ ಆಡಬೇಕು. ಶಿಸ್ತು ಬೇಕೇ ಬೇಕು, ಗದರಬಾರದು. ಕಂಪ್ಯೂಟರ್ ಬೇಕು, ಕಣ್ಣಿಗೆ ತೊಂದರೆ ಆಗಬಾರದು. ಎಲ್ಲ ಮಕ್ಕಳ ಜೊತೆ ಬೆರೆಯಬೇಕು, ಆದರೆ ಆ ಎಲ್ಲ ಮಕ್ಕಳಿಗೂ ಶೀತ ಇರಬಾರದು. ಸ್ವಿಮ್ಮಿಂಗ್ ಇದ್ದರೆ ಒಳ್ಳೆಯದು. ತಲೆ ಒದ್ದೆಯಾಗುವುದು ಮಾತ್ರ ಬೇಡ.

“ತಲೆ ಒದ್ದೆಯಾಗದ ಹಾಗೆ...” ಅಂತ ಹೆಡ್‌ಮಿಸ್ ನಿಧಾನಕ್ಕೆ ಹೇಳಿಕೊಂಡರು. ನಗು ತಡೆದುಕೊಂಡ ಅವರಿಗೆ ಒಂದು ದೊಡ್ಡ ನಮಸ್ಕಾರ. ನಾನಂತೂ ತಡೆಯಲಾಗದೆ ಕೆಮ್ಮಿನ ನೆಪ ಮಾಡಿ ಹೊರಗೆ ಬಂದೆ.

ಹೊರಗಿನ ಬೆಂಚಿನಲ್ಲಿ ಕೊಪ್ಪದವರೇ ಒಬ್ಬರು ತಾಯಿ ಕೂತಿದ್ದರು. ಮಗನ ಟಿಸಿ ತೆಗೆದುಕೊಳ್ಳಲು ಬಂದಿದ್ದಂತೆ. “ಎಲ್ಲಿಗೆ ಸೇರಿಸ್ತೀರಿ?” ಅಂದೆ. ಅವರು ಶೃಂಗೇರಿಯ ಒಂದು ಶಾಲೆಯ ಹೆಸರು ಹೇಳಿದರು.

ಅನ್ವಿ ಬಿಡುತ್ತಿರುವ ಶಾಲೆ ಅದೇ!

ಅಷ್ಟೊತ್ತಿಗೆ ವಿದ್ಯಾ ಹೊರಗೆ ಬಂದಳು. ಇಬ್ಬರಿಗೂ ನಾನೇ ಪರಿಚಯ ಮಾಡಿಸಿದೆ. (ಇಂಥ ಪುಣ್ಯದ ಕೆಲಸ ಬಿಡುವುದುಂಟೇ?)

“ಅಯ್ಯೋ, ಅಲ್ಲಿಗ್ಯಾಕೆ ಹಾಕ್ತೀರಿ ಮಾರಾಯ್ರೆ? ರಾಶಿ ರಾಶಿ ಹೋಮ್‌ವರ್ಕ್ ಕೊಡ್ತಾರೆ!” ಅಂದಳು ವಿದ್ಯಾ.

“ಹೌದಾ? ನಮ್ಗೆ ಅದೇ ಬೇಕಿತ್ತು. ಇಲ್ಲಿ ಕೊಡೋದೇ ಇಲ್ಲ.”

“ಕೊಡೋದೇ ಇಲ್ವಾ? ಎಷ್ಟು ಒಳ್ಳೇದು!”

“ಎಂತ ಒಳ್ಳೇದು? ಇಲ್ಲಿ ಮಿಸ್‌ಗಳು ತುಂಬಾ ಸಾಫ್ಟು. ನಮ್ಮ ಮಾಣಿ ಹೆದರೋದೇ ಇಲ್ಲ.”

“ಅಲ್ಲಿ ಒಬ್ರು ಮಿಸ್ ಇದಾರೆ, ಕಣ್ಣು ಬಿಟ್ರೆ ಸಾಕು, ಇಡೀ ಕ್ಲಾಸು ಗಪ್‌ಚುಪ್.”

“ಅಂಥೋರು ಬೇಕು ನೋಡಿ!”

ಇಬ್ಬರೂ ದೂರು ಹೇಳಲು ಹೊರಟು, ತಾವು ಬಿಡುತ್ತಿರುವ ಶಾಲೆಗೆ ಪುಕ್ಕಟೆ ಪ್ರಚಾರ ಮಾಡಿದ್ದರು. ಸುರೇಶ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಭೂಪಟ ನೋಡಿದೆ.

ನಮ್ಮ ಕಡೆಯ ರೋಗವೇ ಇದು. ನರಸಿಂಹರಾಜಪುರದ ಮಕ್ಕಳು ಕೊಪ್ಪಕ್ಕೆ ಬರಬೇಕು, ಕೊಪ್ಪದವರು ಶೃಂಗೇರಿಗೆ ಹೋಗಬೇಕು, ಶೃಂಗೇರಿಯವರು ಕೊಪ್ಪಕ್ಕೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆ ನಮಗೆ ಶಾಲೆಯೇ ಅಲ್ಲ. ಹಳದಿ ವ್ಯಾನು ಘಟ್ಟ ಸುತ್ತಿ ಕರೆದುಕೊಂಡು ಹೋದರೆ ಮಾತ್ರ ವಿದ್ಯೆ ಹತ್ತುತ್ತದೆ. ಬೆಳಿಗ್ಗೆ ಹರಿಹರಪುರದ ಹತ್ತಿರ ನಿಂತು ನೋಡಿ. ಆ ಕಡೆಯ ವ್ಯಾನು ಈ ಕಡೆಗೆ, ಈ ಕಡೆಯದು ಆ ಕಡೆಗೆ. ಒಳಗೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುವ ಮಕ್ಕಳು. ಡ್ರೈವರುಗಳು ಹಾರ್ನ್ ಹೊಡೆದು ಪರಸ್ಪರ ಕೈ ಬೀಸುತ್ತಾರೆ. ಅಲ್ಲೇ ಮಕ್ಕಳನ್ನು ಅದಲು ಬದಲು ಮಾಡಿಕೊಂಡರೆ ಡೀಸೆಲ್ಲಾದರೂ ಉಳಿಯುತ್ತಿತ್ತು.

ಭಾನುವಾರ ತಮ್ಮನ ಮನೆಯಲ್ಲಿ ಕಳೆಯೋಣವೆಂದು ಅವರ ಕಾರಿನಲ್ಲೇ ಹೊರಟೆ. ಅರ್ಧ ದಾರಿಯಲ್ಲಿ ಅನ್ವಿ ನನ್ನ ಕೈ ಹಿಂಡಿದಳು. ಸುರೇಶ ಕಾರು ನಿಲ್ಲಿಸಿದ. ಬೆಳಿಗ್ಗೆಯದೇ ಕಥೆ. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ಬಗ್ಗಿ ಬಗ್ಗಿ ಕಾರಿದಳು.

ಬಾಯಿ ತೊಳೆದುಕೊಂಡು ಕೇಳಿದಳು: “ಅಮ್ಮ, ಶಾಲೆ ಶುರುವಾದ್ಮೇಲೆ ದಿನಾ ಹೀಗೇ ಆಗ್ತದಾ?”

ವಿದ್ಯಾ ಮಗಳ ಮುಖ ಒರೆಸುತ್ತಾ ನಿಂತಳು. ನನಗೆ ಸಿಟ್ಟು ನೆತ್ತಿಗೇರಿತು. “ಎಂತ ಹುಚ್ಚು ಮಾರಾಯ್ತಿ ನಿಂದು? ಮನೆ ಹತ್ರ ಒಳ್ಳೇ ಶಾಲೆ ಇಟ್ಕೊಂಡು ಆ ಮಗೂನ ಯಾಕೆ ಹೀಗೆ ಗೋಳು ಹೊಯ್ಕೊಳ್ತೀಯ?” ಅಂದುಬಿಟ್ಟೆ.

ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲು ಶುರು ಮಾಡಿದಳು.

“ನಂಗೆ ನಮ್ಮ ತವರೂರು ಸಿರಿಮನೆಯಿಂದ ಶಾಲೆಗೆ ಬಸ್ ಇರ್ಲಿಲ್ಲ ಅತ್ತಿಗೆ. ಐದನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದ್ರು. ನಿಂಗೆ ಅಲ್ಲಿ ಇಷ್ಟ ಆಗ್ತದಾ, ನಿಂಗೆ ಎಂತ ಬೇಕು ಅಂತ ಒಬ್ರೂ ಕೇಳ್ಲಿಲ್ಲ. ಡಾನ್ಸ್ ಕಲಿಬೇಕಿತ್ತು, ಆಗ್ಲಿಲ್ಲ. ಇಂಗ್ಲಿಷಲ್ಲಿ ಯಾರಾದ್ರೂ ಮಾತಾಡಿದ್ರೆ ಈಗ್ಲೂ ಎದೆ ಡವಡವ ಅಂತದೆ. ಇವಳಿಗೆ ಒಂದೂ ಕಮ್ಮಿ ಆಗ್ಬಾರ್ದು ಅಂತ ನೋಡ್ತೀನಿ. ತಪ್ಪಾ?”

ಬೆಳಿಗ್ಗೆ ನನಗೆ ನಗು ತರಿಸಿದ್ದ ಆ ಬೇಡಿಕೆಗಳೆಲ್ಲ ಅನ್ವಿಯವಾಗಿರಲಿಲ್ಲ, ಹಾಸ್ಟೆಲಿನ ಆ ಪುಟ್ಟ ಹುಡುಗಿಯವು. ನನಗೆ ಬಹಳ ಕೆಟ್ಟದೆನಿಸಿತು. ಅವಳ ಬೆನ್ನ ಮೇಲೆ ಕೈಯಿಟ್ಟು, “ತಪ್ಪಲ್ಲ ಮಾರಾಯ್ತಿ,” ಅಂದೆ.

ಕಾರು ಮತ್ತೆ ಹೊರಟಿತು. ಅನ್ವಿ ಅಮ್ಮನ ತೊಡೆಯ ಮೇಲೆ ಮಲಗಿದಳು. ಅಡ್ಡಗದ್ದೆ ಹತ್ತಿರವಾದಾಗ ವಿದ್ಯಾ ತಾನೇ ಹೇಳಿದಳು: “ನಾನು ಸಂಜೆಯಾದ್ರೆ ಮನೆ ನೆನೆಸ್ಕೊಂಡು ಅಳ್ತಿದ್ದೆ. ಇವಳು ಬೆಳಿಗ್ಗೇನೇ ಅಳೋ ಹಾಗೆ ಮಾಡೋದು ಬೇಡ. ರೀ, ಟಿಸಿ ಕೇಳ್ಬೇಡಿ.” ಸುರೇಶ ಎರಡನೇ ಮಾತಿಲ್ಲದೆ ಹೂಂ ಅಂದ. (ಅವನು ಅವತ್ತು ಆಡಿದ ಅತ್ಯಂತ ಬುದ್ಧಿವಂತ ಮಾತು.)

ಸೋಮವಾರ ವಿದ್ಯಾ ಹಳೆಯ ಶಾಲೆಗೆ ಹೋಗಿ, ಮಗಳು ಇಲ್ಲೇ ಇರುತ್ತಾಳೆ ಎಂದು ಹೇಳಿ ಬಂದಳು. ಬದಲಾಗಿಬಿಟ್ಟಳು ಅಂದುಕೊಳ್ಳಬೇಡಿ. ಹೋದವಳು ಡಾನ್ಸ್ ಕ್ಲಾಸ್ ಯಾಕಿಲ್ಲ, ಕುಡಿಯುವ ನೀರು ಯಾಕೆ ಅಷ್ಟು ತಣ್ಣಗಿದೆ ಅಂತ ವಿಚಾರಿಸಿಯೇ ಬಂದಿದ್ದಾಳೆ. ವಿಚಾರಿಸಲಿ ಬಿಡಿ. ಅವಳ ಪರವಾಗಿ ಕೇಳುವವರು ಯಾರೂ ಇರಲಿಲ್ಲ, ಅವಳು ಮಗಳ ಪರವಾಗಿ ಕೇಳುತ್ತಾಳೆ.

ಆದರೂ ನನಗೊಂದು ಯೋಚನೆ. ಒಂದೂ ಕೊರತೆಯಿಲ್ಲದ ಶಾಲೆ ನಿಜಕ್ಕೂ ಎಲ್ಲೋ ಇದ್ದು, ಅದೂ ನಮ್ಮ ಹಾಗೇ ಒಂದೂ ಕೊರತೆಯಿಲ್ಲದ ಅಪ್ಪ ಅಮ್ಮನೇ ಬೇಕೆಂದು ಹಟ ಹಿಡಿದರೆ, ನಮ್ಮಲ್ಲಿ ಯಾರ ಮಗುವಿಗೆ ಸೀಟು ಸಿಕ್ಕೀತು?