ಸಾಹೇಬರು ಬಿಟ್ಟ ಬೆಣ್ಣೆಹಣ್ಣು

ಎಪ್ಪತ್ತೊಂದರ ಯುದ್ಧದ ಕಾಲಕ್ಕ ನಾ ಟಿಕೋಟಾದ ಸರಕಾರಿ ಬಂಗಲೆಯೊಳಗ ಅಡಿಗಿ ಮಾಡತಿದ್ದೆ. ಸಾಹೇಬರು ಉಂಡು ಬಿಟ್ಟದ್ದೆಲ್ಲಾ ಅಡಿಗಿಯವಂದು, ಅದು ಅಲ್ಲಿಯ ರೂಢಿ. ಒಮ್ಮೆ ಬಬಲೇಶ್ವರದ ರಸ್ತೆ ನೋಡಾಕ ಬಂದ ಬೆಂಗಳೂರಿನ ಇಂಜಿನಿಯರ್ ಸಾಹೇಬರು ಬೆಣ್ಣೆಹಣ್ಣು ತಂದಿದ್ದರು. ನಾ ಅದನ್ನ ಮೊದಲ ಸಲ ಕಂಡದ್ದ ಅವತ್ತು. ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಲಿಂಬಿರಸ ಹಾಕಿ ತಾವೇ ಕಿವುಚಿ ತಿಂದರು. ಒಂದು ಬಟ್ಟಲ ಉಳೀತು.

ಮುಂಜಾನೆ ನೋಡಿದರ ಮ್ಯಾಲೆಲ್ಲಾ ಕಪ್ಪಾಗಿತ್ತು. ಚೆಲ್ಲಾಕ ಮನಸ್ಸಾಗಲಿಲ್ಲ. ಸಾಹೇಬರಿಗೆ ಉಪ್ಪಿಟ್ಟು ಮಾಡಿಟ್ಟು, ಅದನ್ನ ಜ್ವಾಳದ ಹಿಟ್ಟಿನಾಗ ಕಲಸಿ ನನಗಂತ ತಾಲಿಪಟ್ಟಿ ತಟ್ಟಿದೆ. ಅಂಚು ಗರಿಗರಿ, ನಡುವ ಬೆಣ್ಣಿಯಂಗ ಮೆತ್ತಗ. ಕುಣೀಬೇಕನಿಸಿತು. ಅಷ್ಟರಾಗ ಸಾಹೇಬರು ಬಾಗಿಲಕ ಬಂದು ನಿಂತರು.

“ಏನಪ್ಪಾ ಅದು, ಇಷ್ಟು ಘಮಘಮ ಅಂತಿದೆ?”

“ನಿನ್ನೆ ನೀವು ಬಿಟ್ಟದ್ದರಿ. ತಂಗಳ ಐತಿ, ನಿಮಗ ಬ್ಯಾಡ್ರಿ.”

ತಂಗಳ ತಿಂದು ಅವರ ಹೊಟ್ಟಿ ಕೆಟ್ಟರ ನನ್ನ ನೌಕರಿ ಹೋದಂಗ. ಅವರು ಕೇಳಲಿಲ್ಲ, ಒಲಿ ಮುಂದ ಮಣಿ ಎಳಕೊಂಡು ಕೂತರು. ನಾ ತಟ್ಟಿಕೋತ ಹೋದೆ, ಅವರು ತಿನಕೋತ ಹೋದರು. ಹಿಟ್ಟಿನ ಪರಾತ ಖಾಲಿಯಾದ ಮ್ಯಾಲೆ ಎದ್ದರು.

ರೂಢಿ ಮಾತ್ರ ತಪ್ಪಲಿಲ್ಲ. ಸಾಹೇಬರು ಬಿಟ್ಟ ಉಪ್ಪಿಟ್ಟನ್ನ ನಾ ತಿಂದೆ.